ಬಾಪ ಹೇಳಿದ ಜಪಾನಿನ ಸುಳ್ಳುಗಳು

ನಾನು ಜಪಾನಿಗೆ ಹೊರಟದ್ದು ಜಪಾನ್ ನೋಡಲಿಕ್ಕೆ. ನನ್ನ ಹೆಂಡತಿ ಹೊರಟದ್ದು ಫೋನಿನಲ್ಲಿ ಕಂಡ ಕೆಂಪು ಎಲೆಗಳ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಲಿಕ್ಕೆ. ಎಪ್ಪತ್ತೆರಡು ವರ್ಷದ ನನ್ನ ತಾಯಿ, ನಮ್ಮ ಮನೆಮಾತಿನಲ್ಲಿ ಉಮ್ಮ, ಹೊರಟದ್ದು ಮಾತ್ರ ತೀರಿಹೋದ ಗಂಡನ ಸುಳ್ಳು ಹಿಡಿಯಲಿಕ್ಕೆ.

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದರ ಕೌಂಟರಿನ ಹಿಂದೆ ನಾನು ನಿಂತು ಇಪ್ಪತ್ತೆರಡು ವರ್ಷವಾಯಿತು. ಗಿರಾಕಿ ಯಾವ ದೇಶದವನೇ ಆಗಲಿ, ಮೊದಲು ಕೇಳುವುದು ಒಂದೇ ಮಾತು, “ಜಪಾನ್ ಒರಿಜಿನಲ್ ಹೈ ಕ್ಯಾ?” ಅಂತ. ನಾನು ಡಬ್ಬಿ ತಿರುಗಿಸಿ ಅಕ್ಷರ ತೋರಿಸುತ್ತೇನೆ. ದಿನಕ್ಕೆ ನೂರು ಸಲ ಒಂದು ದೇಶದ ಹೆಸರಿನ ಮೇಲೆ ಆಣೆ ಇಟ್ಟು, ಆ ದೇಶದ ಮಣ್ಣನ್ನೇ ಮೆಟ್ಟದೆ ಇದ್ದರೆ ನಾಚಿಕೆಯಾಗುವುದಿಲ್ಲವೇ? ನನಗಂತೂ ಆಗುತ್ತಿತ್ತು. ಡಬ್ಬಿ ನೋಡಿ ಮಾಲು ನಂಬುವ ಜಾತಿಯವನಲ್ಲ ನಾನು. ಬಿಚ್ಚಿ, ಪಾರ್ಟ್ ನಂಬರ್ ಓದಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಸಮಾಧಾನ. ಈ ಗುಣ ಉಮ್ಮನಿಂದ ಬಂದದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಯಾರೋ ಉಮ್ಮನನ್ನು ಕಂಡೇ ಮಾಡಿರಬೇಕು.

ದೋಹಾದ ಮುಐದರ್ ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಶುಕ್ರವಾರ ಊಟದ ಹೊತ್ತಿಗೆ ನಾನು ಸುದ್ದಿ ಹೇಳಿದೆ. ನವೆಂಬರಿನಲ್ಲಿ ರಜೆ ಸಿಕ್ಕಿದೆ, ನಾವಿಬ್ಬರೂ ಹತ್ತು ದಿನ ಜಪಾನಿಗೆ ಹೋಗಿಬರುತ್ತೇವೆ, ಅಷ್ಟರವರೆಗೆ ಉಮ್ಮ ದೋಹಾದ ಪಕ್ಕದ ವಕ್ರಾದಲ್ಲಿರುವ ನೆಂಟರ ಮನೆಯಲ್ಲಿ ಇರಲಿ ಎಂದು ನನ್ನ ಲೆಕ್ಕ. ಮೊಣಕಾಲು ನೋವೆಂದು ಸೂಕ್ ವಾಕಿಫ್ ಪೇಟೆಗೂ ಬರಲೊಪ್ಪದ ಉಮ್ಮ ಅನ್ನಕ್ಕೆ ಸಾರು ಹಾಕುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು.

“ನಾನೂ ಬರ್ತೇನೆ.”

“ಉಮ್ಮ, ಅಲ್ಲಿ ತುಂಬ ನಡಿಲಿಕ್ಕೆ ಉಂಟು.”

“ನಡಿತೇನೆ. ನಿನ್ನ ಬಾಪ ಹೇಳಿದ್ರಲ್ಲಿ ಎಷ್ಟು ಸುಳ್ಳು ಅಂತ ನಂಗೆ ಒಮ್ಮೆ ನೋಡ್ಬೇಕು.”

ಬಾಪ, ಅಂದರೆ ನನ್ನ ತಂದೆ, ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಒಮ್ಮೆ ಅವರ ಹಡಗು ಕೆಟ್ಟು ಕೋಬೆ ಬಂದರಿನಲ್ಲಿ ನಿಂತಿತು. ರಿಪೇರಿಯಾಗುವವರೆಗೆ ಮೂರು ವಾರ ಇವರನ್ನು ದಡದ ಮೇಲಿನ ಒಂದು ಸಣ್ಣ ವಸತಿಗೃಹದಲ್ಲಿ ಇಟ್ಟಿದ್ದರಂತೆ. ಮುದುಕಿಯೊಬ್ಬಳು ನಡೆಸುತ್ತಿದ್ದ ಮನೆ ಅದು. ಆ ಮೂರು ವಾರದ ಜಪಾನನ್ನು ಬಾಪ ಊರಿಗೆ ಬಂದು ಮೂವತ್ತು ವರ್ಷ ಹೇಳಿದರು. ಅಲ್ಲಿ ಜಿಂಕೆಗಳು ಮನುಷ್ಯರಿಗೆ ತಲೆಬಾಗಿ ಸಲಾಂ ಮಾಡ್ತವೆ. ಅಲ್ಲಿನ ಕಾಗೆ ನಮ್ಮ ಊರಿನ ಕಾಗೆಯ ಎರಡರಷ್ಟು. ದೊಡ್ಡ ದೊಡ್ಡ ವಸತಿಗೃಹದಲ್ಲಿ ಬೆಳಗ್ಗೆ ರಾಜಮರ್ಯಾದೆಯಿಂದ ಬಡಿಸುವುದು ಏನು, ಗಂಜಿ! ಜೊತೆಗೆ ಉಪ್ಪಿನಲ್ಲಿ ಹಾಕಿದ ಹುಳಿಕಾಯಿ. ಆ ಮುದುಕಿ ಬಾಪನ ಕೈಯ ಮೀನು ಸಾರು ಉಂಡು ಇನ್ನೊಮ್ಮೆ ಕೇಳಿದಳಂತೆ. ಬಾಪ ಹೇಳಿದ ಹಿಮದ ಗುಡ್ಡವನ್ನು ಕ್ಯಾಲೆಂಡರಿನಲ್ಲಿ ಕಂಡಿದ್ದರಿಂದ ಅದೊಂದನ್ನು ಮಾತ್ರ ಉಮ್ಮ ನಂಬಿದ್ದರು. ಉಳಿದದ್ದೆಲ್ಲ ಅವರ ಪಾಲಿಗೆ ಹಡಗಿನವರ ಬೊಗಳೆ.

ಈ ಬೊಗಳೆಗಳಿಗೆಲ್ಲ ನಗಬಹುದಿತ್ತು. ನಗಲಾಗದ್ದು ಒಂದಿತ್ತು, ಚಪ್ಪಲಿಯದ್ದು.

ಜಪಾನಿನಲ್ಲಿ ಅತಿಥಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಮನೆಯವರು ಅದನ್ನು ತಿರುಗಿಸಿ ಬಾಗಿಲ ಕಡೆ ಮುಖ ಮಾಡಿ ಇಡುತ್ತಾರೆ, ಅದು ಅಲ್ಲಿನ ಮರ್ಯಾದೆ ಎಂದು ಬಾಪ ಹೇಳುತ್ತಿದ್ದರು. ಹೇಳಿ ಸುಮ್ಮನಿರದೆ ಊರಿನ ನಮ್ಮ ಮನೆಯಲ್ಲೂ ಮಾಡಲು ಶುರುಮಾಡಿದರು. ನನಗೆ ಆಗ ಒಂಬತ್ತು ವರ್ಷ. ಉಮ್ಮನ ಅಣ್ಣ, ನನ್ನ ಸೋದರಮಾಮ, ನಮ್ಮ ಸಣ್ಣ ಅತ್ತೆಯ ಮದುವೆ ನಿಶ್ಚಯಕ್ಕೆ ತನ್ನನ್ನು ಕರೆಯಲಿಲ್ಲವೆಂದು ಮುನಿಸಿಕೊಂಡು ಒಂದು ವರ್ಷ ನಮ್ಮ ಕಡೆ ತಲೆ ಹಾಕಿರಲಿಲ್ಲ. ಉಮ್ಮ ಕಾಡಿ ಬೇಡಿ ಬಕ್ರೀದಿನ ಊಟಕ್ಕೆ ಕರೆಸಿದರು. ಮಾಮ ಬಂದರು, ಅಕ್ಕಿರೊಟ್ಟಿ, ಮಾಂಸದ ಸಾರು ಚೆನ್ನಾಗಿ ಉಂಡರು, ನಗಲಿಕ್ಕೂ ಶುರುಮಾಡಿದ್ದರು. ಕೈತೊಳೆದು ಜಗಲಿಗೆ ಬಂದು ನೋಡಿದರೆ ಅವರ ಚಪ್ಪಲಿ ಎರಡೂ ಗೇಟಿನ ಕಡೆ ಮುಖ ಮಾಡಿ ಕೂತಿವೆ. “ಓಹೋ, ಹೊರಡು ಅಂತ ಬಾಯಲ್ಲಿ ಹೇಳ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?” ಎಂದು ಹೇಳಿ ಮೆಟ್ಟಿಕೊಂಡು ಹೋದವರು ಹನ್ನೊಂದು ವರ್ಷ ಬರಲಿಲ್ಲ. ಆಮೇಲೆ ಅಕ್ಕನ ಮದುವೆಗೆ ಬಂದರು, ಹಬ್ಬಕ್ಕೆ ಬಂದರು, ಬಾಪನ ಸಾವಿಗೂ ಬಂದರು. ಆದರೆ ನಮ್ಮ ಮನೆಯಲ್ಲಿ ಚಪ್ಪಲಿ ಬಿಡಲಿಲ್ಲ. ಜಗಲಿಯ ಕುರ್ಚಿಯಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಕೂತು ಚಾ ಕುಡಿದು ಹೋಗುವರು.

ಆ ದಿನ ಉಮ್ಮ ಬಾಪನ ಮೇಲೆ ಬಿದ್ದ ರೀತಿಯನ್ನು ನಾನು ಮರೆಯಲಾರೆ. ಬಾಪ ಅಷ್ಟೂ ಕೇಳಿ, “ಅದು ಜಪಾನಿನ ಮರ್ಯಾದೆ, ಅವರನ್ನು ಗೌರವಿಸಲಿಕ್ಕೇ ಮಾಡಿದ್ದು” ಅಂದರು. ಉಮ್ಮ ನಂಬಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅದೇ ಬೆಳಗ್ಗೆ ಬಾಪ, “ನಿನ್ನ ಅಣ್ಣ ಬಂದು ಎಷ್ಟು ಹೊತ್ತು ಇರ್ತಾರಂತೆ?” ಎಂದು ಕೇಳಿದ್ದರು. ಹಾಗಾಗಿ ಬೇಕೆಂದೇ ಅವಮಾನ ಮಾಡಿ ಆಮೇಲೆ ಜಪಾನಿನ ಹೆಸರು ಹೇಳಿ ನುಣುಚಿಕೊಂಡರು ಎಂದು ಉಮ್ಮನ ತೀರ್ಮಾನ. ಅಂದಿನಿಂದ ಬಾಪ ಯಾರ ಚಪ್ಪಲಿಯನ್ನೂ ಮುಟ್ಟಲಿಲ್ಲ. ಬಾಪ ಹೋಗಿ ಈಗ ಒಂಬತ್ತು ವರ್ಷ. ಉಮ್ಮನ ಮನಸ್ಸಿನ ಆ ಕೇಸು ಮಾತ್ರ ಮುಗಿದಿರಲಿಲ್ಲ.

ಒಸಾಕಾದಲ್ಲಿ ಇಳಿದ ದಿನ ನಮಗೆ ಸಿಕ್ಕಿದ ಹೋಟೆಲ್ ರೂಮು ಎಷ್ಟು ಸಣ್ಣದೆಂದರೆ, ಒಂದು ಪೆಟ್ಟಿಗೆ ತೆರೆಯಬೇಕಾದರೆ ಇನ್ನಿಬ್ಬರು ಮಂಚ ಹತ್ತಿ ಕೂರಬೇಕು. ಆದರೆ ಅಷ್ಟು ಸಣ್ಣ ಜಾಗದಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಹಿಡಿದು ಹಲ್ಲುಜ್ಜುವ ಬ್ರಷ್ಷಿನವರೆಗೆ ಎಲ್ಲವೂ ಇತ್ತು, ಎಲ್ಲಕ್ಕೂ ಅದರದ್ದೇ ಒಂದು ಗೂಡಿತ್ತು. ನನ್ನ ಅಂಗಡಿಯ ರ‍್ಯಾಕುಗಳನ್ನು ಹೀಗೆ ಜೋಡಿಸಿಟ್ಟಿದ್ದರೆ ನಾನು ಅರ್ಧ ಆಯುಷ್ಯ ಹುಡುಕುವುದರಲ್ಲಿ ಕಳೆಯಬೇಕಾಗಿರಲಿಲ್ಲ ಅನ್ನಿಸಿತು. ಕಕ್ಕಸಿನ ಪಕ್ಕದ ಗೋಡೆಯಲ್ಲಿ ನೀರು ಚಿಮ್ಮಿಸುವ ಹತ್ತು ಗುಂಡಿಗಳು. ಉಮ್ಮ ಒಳಗೆ ಹೋದವರು ಐದು ನಿಮಿಷ ಬಿಟ್ಟು ಒಂದು ಸಲ ಕಿರುಚಿದರು. ಹೊರಗೆ ಬಂದಾಗ ಮುಖದಲ್ಲಿ ತೃಪ್ತಿ. “ಇಷ್ಟು ದೇಶದಲ್ಲಿ ನೀರಿನ ಬೆಲೆ ಗೊತ್ತಿರುವವರು ಇವರೇ” ಎಂದು ಸರ್ಟಿಫಿಕೇಟು ಕೊಟ್ಟರು. ಉಮ್ಮ ನೋಡಿದ ದೇಶ ಒಟ್ಟು ಮೂರು, ಅದರಲ್ಲಿ ಒಂದು ನಮ್ಮದೇ.

ಬೀದಿಗಿಳಿದರೆ ನನಗೆ ಒಂದು ದೊಡ್ಡ ನಿರಾಸೆ ಕಾದಿತ್ತು. ಜಪಾನಿನವರು ಮಾಡಿದ ಆನೆಯಂಥ ವಾಹನಗಳ ಬಿಡಿಭಾಗ ಮಾರಿಯೇ ನಾನು ಕೂದಲು ಬೆಳ್ಳಗೆ ಮಾಡಿಕೊಂಡದ್ದು. ಅಲ್ಲಿ ನೋಡಿದರೆ ರಸ್ತೆಯ ತುಂಬ ಬೆಂಕಿಪೊಟ್ಟಣದಂಥ ಪುಟ್ಟ ಕಾರುಗಳು. ದೊಡ್ಡದನ್ನೆಲ್ಲ ನಮ್ಮ ಮರಳಿಗೆ ಕಳಿಸಿ ತಾವು ಸಣ್ಣದರಲ್ಲಿ ಓಡಾಡುವ ಜಾಣರು! ಕಸದ ಬುಟ್ಟಿ ಎಲ್ಲೂ ಇಲ್ಲ, ಕಸವೂ ಇಲ್ಲ. ಒಂದು ಬಾಳೆಹಣ್ಣಿನ ಸಿಪ್ಪೆಯನ್ನು ನಾನು ಬೆಳಗ್ಗಿನಿಂದ ಸಂಜೆಯವರೆಗೆ ಕೋಟಿನ ಜೇಬಿನಲ್ಲಿ ಹೊತ್ತು ತಿರುಗಿದೆ. ಅಷ್ಟರಲ್ಲಿ ಕಂಬದ ಮೇಲೊಂದು ಕಾಗೆ ಬಂದು ಕೂತಿತು. ಉಮ್ಮ ನಿಂತು ನೋಡಿದರು, ಇನ್ನೊಂದು ಮಗ್ಗುಲಿಗೆ ಹೋಗಿ ಮತ್ತೆ ನೋಡಿದರು.

“ಎರಡರಷ್ಟು ಇಲ್ಲ. ಒಂದೂವರೆ ಇರ್ಬಹುದು.”

“ಹಾಗಾದ್ರೆ ಅರ್ಧ ಸುಳ್ಳು” ಎಂದಳು ಹೆಂಡತಿ. ಅವಳಿಗೆ ಮೊದಲಿನಿಂದಲೂ ಬಾಪನ ಮೇಲೆ ಒಲವು.

ಕ್ಯೋಟೊದಲ್ಲಿ ನಾವು ಇಳಿದುಕೊಂಡದ್ದು ಕಡಿಮೆ ದರದ ಒಂದು ಹಳೇ ಮನೆಯಲ್ಲಿ. ಅಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಉಮ್ಮ ಚುರುಕಾದರು. ಆದರೆ ಬಾಗಿಲ ಬಳಿ ಸಾಲಾಗಿ ಸಣ್ಣ ಸಣ್ಣ ಪೆಟ್ಟಿಗೆ ಇಟ್ಟಿದ್ದರು. ನಮ್ಮ ಚಪ್ಪಲಿ ನಾವೇ ಅದರಲ್ಲಿಟ್ಟು ಕೀಲಿ ತೆಗೆದುಕೊಳ್ಳಬೇಕು. ಉಮ್ಮ ಕೀಲಿಯನ್ನು ನನ್ನ ಕಣ್ಣೆದುರು ಆಡಿಸಿದರು.

“ನೋಡು, ತಿರುಗಿಸುವುದಲ್ಲ, ಬೀಗ ಹಾಕುವುದು. ನಿನ್ನ ಬಾಪನ ಮರ್ಯಾದೆ ಇಷ್ಟೇ.”

ಗೆದ್ದವರ ಮುಖ ಅರಳಬೇಕಲ್ಲ. ಉಮ್ಮನ ಮುಖ ಅಷ್ಟೇನೂ ಅರಳಲಿಲ್ಲ. ಆ ದಿನವೆಲ್ಲ ಗುಡ್ಡದ ದೇವಸ್ಥಾನವೊಂದರ ಸಾವಿರಾರು ಕೆಂಪು ಕಮಾನುಗಳ ಕೆಳಗೆ ನಡೆದೆವು, ಹೆಂಡತಿ ಕೆಂಪು ಎಲೆಗಳ ಕೆಳಗೆ ನಲವತ್ತು ಫೋಟೊ ತೆಗೆಸಿಕೊಂಡಳು. ನಲವತ್ತರಲ್ಲೂ ಹಿಂದೆ ಒಂದು ಕಲ್ಲಿನ ಮೇಲೆ ಉಮ್ಮ ಕೂತಿದ್ದಾರೆ, ಮುಷ್ಟಿಯಲ್ಲಿ ಕೀಲಿ ಹಿಡಿದುಕೊಂಡು.

ಮರುದಿನ ನಾರಾಕ್ಕೆ ಹೋಗಬೇಕಿತ್ತು. ಕ್ಯೋಟೊದ ಸ್ಟೇಷನ್ನಿನಲ್ಲಿ ನಾನು ಫೋನ್ ನೋಡುತ್ತಾ ಬೇಗ ಮುಟ್ಟಿಸುವ ರೈಲು ಯಾವ ಕಡೆ ಬರುತ್ತದೆಂದು ತಿಣುಕುತ್ತಿದ್ದೆ. ಎದುರು ನಿಂತಿದ್ದ ಮತ್ತೊಂದು ರೈಲಿನ ಬಾಗಿಲಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡ ಒಬ್ಬ ಹೆಂಗಸು ನಮ್ಮ ಕಡೆ ಕೈಬೀಸಿ, “ಹಯಾಕು, ಹಯಾಕು!” ಎಂದು ಕೂಗಿದಳು. ಮುಐದರಿನಲ್ಲಿ ನಮ್ಮ ಪಕ್ಕದ ಮನೆಯ ಅರಬ್ಬಿ ಅಜ್ಜಿ ಬಾಗಿಲಿಗೆ ಬಂದವರನ್ನೆಲ್ಲ “ಹಯ್ಯಾಕುಮ್, ಹಯ್ಯಾಕುಮ್” ಎಂದೇ ಕರೆಯುವುದು. ಬನ್ನಿ ಬನ್ನಿ, ಒಳಗೆ ಬನ್ನಿ ಅಂತ ಅದರ ಅರ್ಥ. ಉಮ್ಮನಿಗೆ ಅರಬ್ಬಿಯಲ್ಲಿ ಬರುವ ಮಾತು ಎಂಟೋ ಹತ್ತೋ, ಅದರಲ್ಲಿ ಇದೊಂದು. ಇಷ್ಟು ದೂರದ ದೇಶದಲ್ಲಿ ಒಬ್ಬಳು ನಮ್ಮನ್ನು ಹಾಗೆ ಕರೆದಳಲ್ಲ ಎಂದು ಉಮ್ಮ ಕರಗಿಹೋದರು. ಎದೆಯ ಮೇಲೆ ಕೈಯಿಟ್ಟು, “ಅಲ್ಲಾ ಯಹಯ್ಯೀಕ್” ಎಂದು ತಕ್ಕ ಉತ್ತರ ಕೊಟ್ಟು, ಮೊಣಕಾಲನ್ನೂ ಮರೆತು ರೈಲು ಹತ್ತಿಯೇಬಿಟ್ಟರು. “ಉಮ್ಮಾ!” ಎಂದು ನಾವಿಬ್ಬರೂ ಹಿಂದೆಯೇ ಹಾರಿದೆವು. ನಮ್ಮ ಹಿಂದೆ ಆ ಹೆಂಗಸಿನ ಮೂರನೇ ಮಗು ಓಡಿಬಂದು ಹತ್ತಿತು, ಬಾಗಿಲು ಮುಚ್ಚಿತು.

ಸ್ವಲ್ಪ ಇಂಗ್ಲಿಷ್ ಬಲ್ಲ ಆ ಹೆಂಗಸಿನಿಂದ ವಿಷಯ ತಿಳಿಯಿತು. ಹಯಾಕು ಎಂದರೆ ಬೇಗ ಬಾ, ಹಿಂದೆ ಉಳಿದ ಮಗಳಿಗೆ ಗದರಿದ್ದು. ರೈಲು ನಾರಾಕ್ಕೇ ಹೋಗುವುದು ನಿಜ, ಆದರೆ ಸಿಕ್ಕಸಿಕ್ಕ ಸ್ಟೇಷನ್ನಿಗೆಲ್ಲ ನಿಲ್ಲುವ ಆಮೆ. ಇಡೀ ಡಬ್ಬಿಯಲ್ಲಿ ಯಾರೂ ಪಿಸುಗುಟ್ಟುತ್ತಲೂ ಇರಲಿಲ್ಲ, ನನ್ನ ಹೆಂಡತಿಯೊಬ್ಬಳು ಬಾಯಿಗೆ ಸೆರಗು ತುಂಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಉಮ್ಮ ಸೋಲಲಿಲ್ಲ. “ಬೈದದ್ದಾದ್ರೂ ಆಗ್ಲಿ, ಕಿವಿಗೆ ಚಂದ ಬಿತ್ತು. ಹೋಗುವ, ಗದ್ದೆ ಆದ್ರೂ ನೋಡ್ಬಹುದು” ಎಂದು ಕಿಟಕಿಯ ಪಕ್ಕ ಸರಿದು ಕೂತರು. ಕೊಯ್ದ ಗದ್ದೆಗಳು ದಾರಿಯುದ್ದಕ್ಕೂ ಇದ್ದವು. ಬೇಗದ ರೈಲಿನಲ್ಲಿ ಹೋಗಿದ್ದರೆ ಅವು ಕಣ್ಣಿಗೆ ನಿಲ್ಲುತ್ತಿರಲಿಲ್ಲ.

ನಾರಾದ ಜಿಂಕೆಗಳ ವಿಷಯದಲ್ಲಿ ಬಾಪ ಸಂಪೂರ್ಣ ಗೆದ್ದರು. ಜಿಂಕೆಗಳಿಗೆಂದು ಮಾರುವ ಬಿಸ್ಕತ್ತಿನ ಕಟ್ಟು ಕೈಗೆ ಬಂದದ್ದೇ ತಡ, ಒಂದು ಜಿಂಕೆ ಉಮ್ಮನ ಎದುರು ನಿಂತು ಕತ್ತು ಬಗ್ಗಿಸಿತು, ಎತ್ತಿತು, ಮತ್ತೆ ಬಗ್ಗಿಸಿತು. ಉಮ್ಮ ತಾವೂ ಬಗ್ಗಿದರು. ಅದೂ ಬಗ್ಗಿತು. ಬಿಸ್ಕತ್ತು ಮುಗಿದ ಕೂಡಲೇ ಸಲಾಮೂ ಮುಗಿಯಿತು, ಉಮ್ಮನ ಅಬಾಯಾ ನಿಲುವಂಗಿಯ ಅಂಚು ಕಚ್ಚಿ ಎಳೆಯತೊಡಗಿತು. “ಯಲ್ಲಾ, ಹೋಗು! ಖಲಾಸ್!” ಎಂದು ಉಮ್ಮ ಚೀಲ ಬೀಸಿದರು. “ಬಿಸ್ಕತ್ತು ಮುಗಿದ ಮೇಲೆ ಇವು ಯಾರನ್ನೂ ಗುರ್ತ ಹಿಡಿಯುವುದಿಲ್ಲ, ಓಟು ಆದ ಮೇಲೆ ನಮ್ಮ ಊರಿನ ಲೀಡರುಗಳ ಹಾಗೆಯೇ.” ಎರಡು ಹೆಜ್ಜೆ ನಡೆದು ಮತ್ತೆ ಹೇಳಿದರು, “ಜಿಂಕೆ ಮಾತ್ರ ನಿಜ ಆಯ್ತು.” ಆ ದನಿ ಸ್ವಲ್ಪ ಮೆತ್ತಗಾಗಿತ್ತು.

ಕೊನೆಯ ಎರಡು ದಿನ ಅರಿಮಾದಲ್ಲಿ. ಬಾಪ ತಂಗಿದ್ದ ಕೋಬೆಯ ಆ ಮನೆಯನ್ನು ಹುಡುಕುವುದು ಆಗದ ಮಾತಾಗಿತ್ತು, ಹೆಸರೇ ಯಾರಿಗೂ ತಿಳಿಯದು. ಅರಿಮಾ ಕೋಬೆಯ ಬೆನ್ನಿಗಿರುವ ಗುಡ್ಡಗಳಾಚೆಯ ಬಿಸಿನೀರಿನ ಬುಗ್ಗೆಗಳ ಊರು, ಅಲ್ಲಿ ಹಳೇ ಪದ್ಧತಿಯ ವಸತಿಗೃಹಗಳಿವೆ ಎಂದು ಹೆಂಡತಿಯೇ ಆರಿಸಿದ್ದಳು. ಹಂದಿ ಬೇಡ, ಅಡುಗೆಗೆ ಮದ್ಯ ಬೇಡ ಎಂದು ನಾನು ಮೊದಲೇ ನಾಲ್ಕು ಸಲ ಬರೆದಿದ್ದೆ, ಅವರು ಐದು ಸಲ ಉತ್ತರಿಸಿದ್ದರು. ಮುಟ್ಟುವಾಗ ಸಣ್ಣ ಮಳೆ. ಪೆಟ್ಟಿಗೆ, ಕೊಡೆ, ಮೆಟ್ಟಿಲುಗಳ ಗಡಿಬಿಡಿಯಲ್ಲಿ ಉಮ್ಮನಿಗೂ ಚಪ್ಪಲಿಯ ನೆನಪಾಗಲಿಲ್ಲ. ಚಾಪೆ ಹಾಸಿದ ಕೋಣೆ, ನೆಲದ ಮೇಲೆ ಹಾಸಿಗೆ, ಕುರ್ಚಿಗೆ ಕಾಲುಗಳೇ ಇಲ್ಲ.

ಬಿಸಿನೀರಿನ ಸ್ನಾನವೆಂದರೆ ಎಲ್ಲರೂ ಹುಟ್ಟಿದ ಹಾಗೆಯೇ ಒಂದೇ ಕೊಳಕ್ಕಿಳಿಯಬೇಕು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ನಾನು ಬಾಗಿಲವರೆಗೆ ಹೋಗಿ ಒಂದು ಅಂಗೈಯಷ್ಟು ಟವೆಲ್ ಕಂಡು ವಾಪಸು ಬಂದೆ. ಪುಣ್ಯಕ್ಕೆ ಮನೆಮಂದಿಗೆಂದು ಬಾಗಿಲು ಹಾಕಿಕೊಳ್ಳುವ ಒಂದು ಸಣ್ಣ ಕೊಳವಿತ್ತು. ಅತ್ತೆ ಸೊಸೆ ಇಬ್ಬರೂ ಮೈತುಂಬ ಬಟ್ಟೆ ಸುತ್ತಿಕೊಂಡೇ ಇಳಿದು, ಒಂದು ಗಂಟೆ ಬಿಟ್ಟು ಟೊಮೆಟೊದಂತೆ ಕೆಂಪಾಗಿ ಬಂದರು. “ಇದಕ್ಕೆ ಇಷ್ಟು ದೂರ ಬರ್ಬೇಕಾ? ಜುಲೈಯಲ್ಲಿ ನಮ್ಮ ಮನೆಯ ತಣ್ಣೀರಿನ ನಲ್ಲಿ ತಿರುಗಿಸಿದ್ರೆ ಇದೇ ನೀರು” ಎಂದರು ಉಮ್ಮ. ದೋಹಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದರೂ, ಮೊಣಕಾಲಿಗೆ ಹಿತವಾಯಿತೆಂದು ಮರುದಿನ ಎರಡು ಸಲ ಇಳಿದರು.

ಬೆಳಗ್ಗೆ ನಡುವಯಸ್ಸು ದಾಟಿದ ಒಬ್ಬ ಕೆಲಸದಾಕೆ ಮಂಡಿಯೂರಿ ಬಂದು ತಿಂಡಿಯ ಮಣೆಗಳನ್ನು ಇಟ್ಟಳು. ಹತ್ತು ಹನ್ನೆರಡು ಪುಟ್ಟ ಬಟ್ಟಲು, ನಡುವೆ ಮುಚ್ಚಿದ ಒಂದು ಮಣ್ಣಿನ ಪಾತ್ರೆ. ಅವಳು ಎರಡೂ ಕೈಯಿಂದ ಮುಚ್ಚಳ ತೆಗೆದಳು. ಹಬೆ ಎದ್ದಿತು. ಉಮ್ಮ ಬಗ್ಗಿ ನೋಡಿ ಕೂತಲ್ಲೇ ಕೂತರು.

“ಗಂಜಿ!”

ಸಾಕ್ಷಾತ್ ಗಂಜಿ. ಪಕ್ಕದ ಬಟ್ಟಲಿನಲ್ಲಿ ಸುಕ್ಕುಗಟ್ಟಿದ ಒಂದು ಕೆಂಪು ಕಾಯಿ. ಉಮ್ಮ ತುದಿ ಕಚ್ಚಿದರು, ಮುಖ ಹಿಂಡಿದರು, ಒಂದು ಕಣ್ಣು ತಾನಾಗಿಯೇ ಮುಚ್ಚಿತು. “ನಮ್ಮ ಉಪ್ಪುನೀರಿನ ಮಾವಿನಕಾಯಿಯ ತಂಗಿ ಇದು” ಎಂದು ಚಪ್ಪರಿಸಿದರು. ಹತ್ತು ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆತುಂಬ ಉಂಡರು. ಕುಚ್ಚಲಕ್ಕಿಯದ್ದಲ್ಲ, ಬೆಳ್ತಿಗೆ ಅಕ್ಕಿಯದ್ದು ಎಂಬ ಒಂದು ದೂರು ಬಿಟ್ಟರೆ ಬೇರೆ ಮಾತಿಲ್ಲ. ಪಾತ್ರೆ ಖಾಲಿಯಾದ ಮೇಲೆ ಕೈಯೊರೆಸಿಕೊಂಡು ಎದ್ದರು. “ಇನ್ನು ಚಪ್ಪಲಿ ನೋಡುವ.”

ಉಮ್ಮ ಪರೀಕ್ಷೆಗೆ ನಿಂತ ರೀತಿ ನೋಡಿದರೆ ನನ್ನ ಅಂಗಡಿಯ ಸ್ಟಾಕ್ ಚೆಕ್ಕಿಂಗ್ ಏನೂ ಅಲ್ಲ. ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ ಅಂಗಳದಲ್ಲಿ ಒಂದು ಸುತ್ತು ನಡೆಸಿದರು. ವಾಪಸು ಬಂದು ತಮ್ಮ ಸೂಕ್ ವಾಕಿಫಿನ ತೊಗಲು ಚಪ್ಪಲಿಯನ್ನು ಬೇಕೆಂದೇ ಒಂದು ಅತ್ತ ಒಂದು ಇತ್ತ, ಮೂತಿ ಒಳಗೆ ಮಾಡಿ ಬಿಟ್ಟರು. ನಮ್ಮದನ್ನೂ ಹಾಗೆಯೇ ಬಿಡಿಸಿದರು. ಆಮೇಲೆ ಒಳಗಿನ ಹಜಾರದಲ್ಲಿ ಒಂದು ಜಪಾನಿ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದು ಕೂತರು. ಪೇಪರು ತಲೆಕೆಳಗಾಗಿದೆಯೋ ಏನೋ ನನಗೂ ಗೊತ್ತಾಗಲಿಲ್ಲ.

ಐದು ನಿಮಿಷವಾಗಿರಬಹುದು. ತಿಂಡಿ ತಂದ ಅದೇ ಕೆಲಸದಾಕೆ ಬಂದಳು. ಬಾಗಿಲ ಮೆಟ್ಟಿಲಲ್ಲಿ ಮಂಡಿಯೂರಿ ಕೂತಳು. ಉಮ್ಮನ ಚಪ್ಪಲಿಗಳನ್ನು ಎರಡೂ ಕೈಯಿಂದ ಎತ್ತಿ, ಸೊಂಟಕ್ಕೆ ಕಟ್ಟಿದ್ದ ಬಟ್ಟೆಯಿಂದ ಮಳೆಯ ಕೆಸರು ಒರೆಸಿ, ಜೋಡಿಸಿ, ಬಾಗಿಲ ಕಡೆಗೆ ಮುಖ ಮಾಡಿ ಇಟ್ಟಳು. ಆಮೇಲೆ ಹೆಂಡತಿಯದು, ಆಮೇಲೆ ನನ್ನದು.

ಹೆಂಡತಿ ನನ್ನ ತೋಳು ಗಿಲ್ಲಿದಳು. ನಾನು ಉಮ್ಮನನ್ನು ನೋಡಿದೆ. ಪೇಪರು ಮಡಿಲಿಗೆ ಬಿದ್ದಿತ್ತು.

“ಕೇಳು ಅವಳ ಹತ್ರ, ಎಂತಕ್ಕೆ ಹಾಗೆ ಮಾಡುವುದು ಅಂತ.”

ನಾನು ಫೋನಿಗೆ ಕನ್ನಡದಲ್ಲಿ ಹೇಳಿದೆ, ಫೋನು ಜಪಾನಿಯಲ್ಲಿ ಹೇಳಿತು. ಅವಳು ಏನೋ ಮೆಲ್ಲಗೆ ಹೇಳಿದಳು. ಫೋನು ಗಂಟಲು ಸರಿಪಡಿಸಿಕೊಂಡವರಂತೆ ಉಚ್ಚರಿಸಿತು, “ಗೌರವಾನ್ವಿತ ಅತಿಥಿಯು ಹೊರಡುವಾಗ ಪಾದಗಳಿಗೆ ತೊಂದರೆಯಾಗದಿರಲಿ. ಕ್ಷೇಮವಾಗಿ ತೆರಳಿ ಮರಳಿ ಬರಲಿ.”

“ಇದು ಯಾರು, ರೇಡಿಯೊದಲ್ಲಿ ವಾರ್ತೆ ಓದುವವನಾ?” ಎಂದು ಉಮ್ಮ ಫೋನನ್ನು ಗದರಿದರು. ಆದರೆ ಬಿಡಲಿಲ್ಲ. “ಇನ್ನೊಂದು ಕೇಳು. ಮನಸ್ಸಿಗೆ ಆಗದವರು ಬಂದ್ರೂ ತಿರುಗಿಸ್ತೀರಾ ಅಂತ ಕೇಳು.”

ಅದನ್ನು ಕೇಳಿ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ಉತ್ತರವನ್ನು ಫೋನು ಹೇಳಿತು, “ಅಂಥವರ ಪಾದರಕ್ಷೆಯನ್ನು ಹೆಚ್ಚು ಜಾಗ್ರತೆಯಿಂದ ತಿರುಗಿಸಬೇಕು.”

ಅವಳು ಬಗ್ಗಿ ನಮಸ್ಕರಿಸಿ ಹೋದಳು. ನಾನು ಉಮ್ಮನನ್ನು ನಗಿಸಲು, “ಖಲಾಸ್ ಉಮ್ಮ, ಬಾಪ ಕೇಸು ಗೆದ್ದರು” ಅಂದೆ. ಉಮ್ಮ ತಲೆಯಾಡಿಸಿದರು. “ಪದ್ಧತಿ ಉಂಟು ಅಂತ ಆಯ್ತು. ಅವರ ಮನಸ್ಸಿನಲ್ಲಿ ಎಂತ ಇತ್ತು ಅಂತ ಇವಳಿಗೆ ಹೇಗೆ ಗೊತ್ತು?” ಪ್ರಮಾಣಿಸಿ ನೋಡುವವರು ಪೂರ್ತಿಯೇ ಪ್ರಮಾಣಿಸಬೇಕಲ್ಲ.

ಹೆಂಡತಿ ಅವರ ಪಕ್ಕಕ್ಕೆ ಹೋಗಿ ಕೂತಳು. “ಮಾಮಿ, ಮೊನ್ನೆ ರೈಲಿನಲ್ಲಿ ಆ ಹೆಂಗಸು ಬೈದದ್ದನ್ನು ನೀವು ಬನ್ನಿ ಅಂತ ತಿಳಿದ್ರಿ. ಅವತ್ತು ಬಾಪ ಬನ್ನಿ ಅಂದದ್ದನ್ನು ಎಲ್ಲರೂ ಹೋಗಿ ಅಂತ ತಿಳಿದದ್ದಿರ್ಬಹುದಲ್ಲ?”

ಉಮ್ಮ ಮಡಿಲಿನ ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ನಾನು ಅದುವರೆಗೆ ಕೇಳಿರದ ಒಂದು ಸಂಗತಿ ಹೇಳಿದರು.

“ನಾನು ಅವತ್ತು ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ ಮಗಾ. ನಿನ್ನ ಬಾಪ ಜಗಲಿಯಲ್ಲಿ ಹೀಗೆಯೇ ಮಂಡಿ ಹಾಕಿ ಕೂತಿದ್ರು. ಅಣ್ಣನ ಚಪ್ಪಲಿಯನ್ನು ತಾನು ಉಟ್ಟಿದ್ದ ಮುಂಡಿನ ತುದಿಯಲ್ಲಿ ಒರೆಸಿದ್ರು. ಹಬ್ಬದ ಹೊಸ ಮುಂಡು. ನಾನು ತಮಾಷೆ ಮಾಡ್ತಿದ್ದಾರೆ ಅಂತ ತಿಳಿದೆ. ಹೊರಗೆ ಹಾಕಬೇಕಾದವರ ಚಪ್ಪಲಿ ಯಾರಾದ್ರೂ ಒರೆಸ್ತಾರಾ?”

“ಎಷ್ಟು ವರ್ಷ ಆ ಮನುಷ್ಯನನ್ನು ಸುಳ್ಳ ಅಂದೆ” ಎಂದು ಉಮ್ಮ ಅತ್ತರು. ನನಗೂ ಅಳು ಬಂತು, ತಡೆಯಲಿಲ್ಲ. ಹೊಸ ಮುಂಡಿಗೆ ಕೆಸರು ಮಾಡಿಕೊಂಡ ಬಾಪನ ಮೇಲೆ ಅಷ್ಟು ಪ್ರೀತಿ ಅವರು ಬದುಕಿದ್ದಾಗ ನನಗೆ ಬಂದಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಉಮ್ಮ ಮೂಗೊರೆಸಿಕೊಂಡು, “ಮೀನು ಸಾರಿನದ್ದು ಮಾತ್ರ ಸುಳ್ಳೇ. ಅವರ ಕೈಯ ಸಾರು ನಾನು ಉಂಡಿದ್ದೇನೆ. ಯಾರೂ ಎರಡನೇ ಸಲ ಕೇಳ್ಲಿಕ್ಕಿಲ್ಲ” ಎಂದರು. ಮೂವರೂ ನಕ್ಕೆವು.

ಜನವರಿಯಲ್ಲಿ ಮಾಮ ದೋಹಾಕ್ಕೆ ಬಂದರು, ವಕ್ರಾದಲ್ಲಿರುವ ಮಗಳ ಮನೆಗೆ. ಎಪ್ಪತ್ತಾರು ವರ್ಷ, ಕೋಲು ಹಿಡಿದರೂ ಬೆನ್ನು ನೆಟ್ಟಗೆ. ಫೋನಿನಲ್ಲಿ ಜಪಾನಿನ ವಿಷಯ ಹೇಳೋಣವೆಂದರೆ ಉಮ್ಮ ಬೇಡವೆಂದಿದ್ದರು. ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ ನಾನೇ ಅವರನ್ನು ಮುಐದರಿಗೆ ಕರೆತಂದೆ. ಬಾಗಿಲಲ್ಲಿ ಮಾಮ ಎಂದಿನಂತೆ ನಿಂತರು. ದೋಹಾದ ನಮ್ಮ ಮನೆಗೆ ಜಗಲಿಯಿಲ್ಲ, ಚಪ್ಪಲಿ ಮೆಟ್ಟಿಕೊಂಡು ಕೂರುವ ಕುರ್ಚಿಯೂ ಇಲ್ಲ. ಒಳಗಿನಿಂದ ಉಮ್ಮ ಕೂಗಿದರು, “ಹಯಾಕು ಅಣ್ಣ, ಹಯಾಕು!” ಮಾಮನಿಗೆ ಅದು ಅರಬ್ಬಿಯೆಂದೇ ಕೇಳಿಸಿರಬೇಕು. ಬೇರೆ ದಾರಿಯಿಲ್ಲದೆ ಚಪ್ಪಲಿ ಬಿಟ್ಟು ಒಳಗೆ ಬಂದರು.

ಊಟಕ್ಕೆ ಅಕ್ಕಿರೊಟ್ಟಿ, ಮಾಂಸದ ಸಾರು. ಮಾಮ ಉಣ್ಣುತ್ತಿದ್ದಾಗ ಉಮ್ಮ ನೀರು ತರುವ ನೆಪದಲ್ಲಿ ಎದ್ದರು. ನಾನು ಇಣುಕಿದೆ. ಮೊಣಕಾಲು ಮಡಚಲಾರದೆ ನೆಲದ ಮೇಲೆಯೇ ಕೂತು, ದುಪಟ್ಟಾದ ತುದಿಯಿಂದ ಅಣ್ಣನ ಚಪ್ಪಲಿಯ ಮರಳನ್ನು ಒರೆಸುತ್ತಿದ್ದರು. ಎರಡೂ ಕೈಯಿಂದ ತಿರುಗಿಸಿ ಇಟ್ಟರು. ನನ್ನನ್ನು ಕಂಡು ಬಾಯಿ ಬಿಡಬೇಡವೆಂದು ಕಣ್ಣಲ್ಲೇ ಹೇಳಿ, ಎಬ್ಬಿಸಲು ಕೈ ಚಾಚಿದರು.

ಮಾಮ ಕೈತೊಳೆದು ಹೊರಟರು. ಬಾಗಿಲಿಗೆ ಬಂದು ನೋಡಿದರು. ಚಪ್ಪಲಿ ಎರಡೂ ಹೊರಮುಖವಾಗಿ ಕೂತಿದ್ದವು. ಅವರ ಕೈ ಕೋಲಿನ ಮೇಲೆ ಬಿಗಿಯಾಯಿತು. ಉಮ್ಮ ಎಂಥ ಕೆಲಸ ಮಾಡಿಬಿಟ್ಟರು ಅನ್ನಿಸಿತು ನನಗೆ.

“ನಾನೇ ಇಟ್ಟದ್ದು ಅಣ್ಣ” ಎಂದರು ಉಮ್ಮ. ಅರಿಮಾದಲ್ಲಿ ಕಂಡದ್ದನ್ನು ಅಲ್ಲೇ ನಿಂತು ಹೇಳಿದರು, ಕಿಟಕಿಯಿಂದ ಕಂಡಿದ್ದ ಮುಂಡಿನ ತುದಿಯನ್ನೂ ಹೇಳಿದರು. ಹೇಳಿ, “ಆಗ್ಲೇ ಹೇಳ್ಬೇಕಿತ್ತು ನಾನು” ಎಂದು ತಲೆ ತಗ್ಗಿಸಿದರು.

ಮಾಮ ಚಪ್ಪಲಿಗೆ ಕಾಲು ತೂರಿಸಿದರು. ಬಗ್ಗಬೇಕಾಗಲಿಲ್ಲ, ತಿರುಗಬೇಕಾಗಲಿಲ್ಲ, ಎರಡು ಕಾಲೂ ಸಲೀಸಾಗಿ ಸೇರಿಕೊಂಡವು. ಒಂದು ಹೆಜ್ಜೆ ಇಟ್ಟು ನಿಂತರು. ಕೋಲಿನ ತುದಿಯಿಂದ ನೆಲವನ್ನು ಒಂದೆರಡು ಸಲ ಕುಟ್ಟಿದರು.

“ಬಾವ ಇಷ್ಟು ದೊಡ್ಡ ಮರ್ಯಾದೆ ಮಾಡಿದ್ರಾ ನಂಗೆ” ಎಂದರು.

ಆಮೇಲೆ ಹೊರಟ ಮನುಷ್ಯ ಹಿಂದಕ್ಕೆ ತಿರುಗಿ, ಚಪ್ಪಲಿಯನ್ನು ಮತ್ತೆ ಬಿಟ್ಟು ಒಳಗೆ ಬಂದರು. “ಇನ್ನೊಂದು ಚಾ ಮಾಡು ತಂಗಿ, ಕುಡಿದೇ ಹೋಗುವ.”

ನನ್ನ ಹೆಂಡತಿ ಒಲೆ ಹೊತ್ತಿಸಲು ಓಡಿದಳು. ಮಾಮ ಈ ಸಲ ಬಿಟ್ಟ ಚಪ್ಪಲಿ ಒಳಮುಖವಾಗಿ ಬಿದ್ದಿತ್ತು. ಉಮ್ಮ ಮತ್ತೆ ನೆಲಕ್ಕೆ ಕೂರಲು ಹೊರಟಾಗ ನಾನು ಅವರ ತೋಳು ಹಿಡಿದು ತಡೆದೆ, ನಾನೇ ಮಂಡಿಯೂರಿ ತಿರುಗಿಸಿಟ್ಟೆ.